ಹಾಸನ ಜಿಲ್ಲೆಯಲ್ಲಿ ಹದಿಹರೆಯದವರ ರಕ್ತಹೀನತೆ ತಗ್ಗಿದೆಯೇ ಎಂದು ಮಾತ್ರೆ ವಿತರಣೆಯ ಅಂಕಿಗಳಿಂದ ಹೇಳಬಹುದೇ?

ಹೇಳಲಾಗುವುದಿಲ್ಲ. ನೀವು ಈಗ ಹಿಡಿದು ಕೂತಿರುವಂಥ ಪಟ್ಟಿಯನ್ನೇ ನಾನೂ ಸಕಲೇಶಪುರ ಕಡೆಯ ಶಾಲೆಗಳಿಗಾಗಿ ಒಟ್ಟು ಮಾಡುತ್ತಿದ್ದೆ.

ಸೋಮವಾರ ಬಿಸಿಯೂಟ ಆದಮೇಲೆ ನೀಲಿ ಮಾತ್ರೆ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮೇಷ್ಟ್ರು ಹಾಜರಿ ನೋಡಿ ಟಿಕ್ ಹಾಕುತ್ತಿದ್ದರು, ತಿಂಗಳ ಕೊನೆಗೆ ಮೊತ್ತ ನನ್ನ ಕೈಗೆ ಬರುತ್ತಿತ್ತು. ಆ ಮೊತ್ತವನ್ನು ನಾನು ‘ಸೇವಿಸಿದವರು’ ಎಂಬ ಕಲಂಗೆ ಹಾಕಿದೆ. ಅದು ಹಂಚಿದ ಮಾತ್ರೆಯ ಲೆಕ್ಕ, ನುಂಗಿದ್ದರ ಲೆಕ್ಕವಲ್ಲ. ಕೈಗೆ ಕೊಟ್ಟ ಮಾತ್ರೆ ಹೊಟ್ಟೆಗೆ ಹೋಯಿತೆಂದು ನೋಡಿದವರು ಯಾರೂ ಇರಲಿಲ್ಲ, ನಾನೂ ಕೇಳಲಿಲ್ಲ. ಅಂಕಿ ಚೆನ್ನಾಗಿದ್ದದ್ದರಿಂದ ನಮ್ಮ ಭಾಗಕ್ಕೆ ಬರಬೇಕಿದ್ದ ಹಿಮೋಗ್ಲೋಬಿನ್ ತಪಾಸಣೆ ಬೇರೆ ಕಡೆ ಹೋಯಿತು. ಆ ಮಕ್ಕಳಿಗೆ ನಷ್ಟವಾದದ್ದು ಅಲ್ಲಿ.

ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಜಾಮಿಟ್ರಿ ಬಾಕ್ಸ್ ತೆಗೆದು ತೋರಿಸಿದಳು. ಕೈವಾರದ ಪಕ್ಕ ಬಣ್ಣ ಬಿಟ್ಟ ನೀಲಿ ಮಾತ್ರೆಗಳು. “ಹೊಟ್ಟೆ ತೊಳಸುತ್ತೆ ಮೇಡಂ, ಕಕ್ಕಸು ಕಪ್ಪಗೆ ಆಗುತ್ತೆ, ಭಯ ಆಯ್ತು.” ಕಪ್ಪಗಾಗುವುದು ಸಹಜ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನುಂಗುತ್ತಿದ್ದವರಲ್ಲೂ ಕೆಲವರು ಊಟದ ಹಿಂದೆಯೇ ಕಾಫಿ ಕುಡಿಯುತ್ತಿದ್ದರು. ಕಾಫಿ, ಟೀ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ನಮ್ಮ ಮಲೆನಾಡಿನಲ್ಲಿ ಇದನ್ನು ಮೊದಲು ಹೇಳಬೇಕು.

ಜಿಲ್ಲೆಯನ್ನು ದೇಶದ ಗುರಿಯ ಪಕ್ಕ ಇಡಲು ಒಂದೇ ಸಂಖ್ಯೆ ಬೇಕು ಅಂದಿದ್ದೀರಿ. ಆ ಹುಡುಕಾಟವನ್ನೇ ಬಿಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರ ರಕ್ತಹೀನತೆ 2015-16ರಲ್ಲಿ ಶೇ 54.1 ಇದ್ದದ್ದು 2019-21ರಲ್ಲಿ ಶೇ 59.1ಕ್ಕೆ ಏರಿತು. ರಕ್ತಹೀನತೆ ತಗ್ಗಿಸಲೆಂದೇ ಇರುವ ದೇಶದ ಕಾರ್ಯಕ್ರಮ ಅನೀಮಿಯಾ ಮುಕ್ತ ಭಾರತ ಶುರುವಾದದ್ದು 2018ರಲ್ಲಿ, ವರ್ಷಕ್ಕೆ ಶೇಕಡಾ 3 ಅಂಶ ಇಳಿಸುವ ಗುರಿಯಿಟ್ಟುಕೊಂಡು. ಇನ್ನೊಂದೆಡೆ 2016-18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆ 10ರಿಂದ 19ರ ಹುಡುಗಿಯರಲ್ಲಿ ಶೇ 40 ಎಂದಿತು. ವಯಸ್ಸು ಬೇರೆ, ಅದಕ್ಕಿಂತ ಮುಖ್ಯವಾಗಿ ಮೊದಲನೆಯದು ಬೆರಳು ಚುಚ್ಚಿ ತೆಗೆದ ರಕ್ತ, ಎರಡನೆಯದು ನರದಿಂದ ತೆಗೆದದ್ದು. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಿ ಏರಿತು, ಇಳಿಯಿತು ಅನ್ನಬೇಡಿ.

ಕೆಲವೇ ಶಾಲೆ ಹಿಡಿಯಿರಿ. ಅದೇ ಮಕ್ಕಳ ಹಿಮೋಗ್ಲೋಬಿನ್ ಅನ್ನು ಅದೇ ವಿಧಾನದಲ್ಲಿ ವರ್ಷದ ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅಳೆಯಿರಿ. ವರ್ಷಕ್ಕೆರಡು ಸಲದ ಜಂತುಹುಳದ ಮಾತ್ರೆ ತಗೊಂಡರೋ ಇಲ್ಲವೋ ಬರೆದುಕೊಳ್ಳಿ. ಹುಡುಗರನ್ನೂ ಸೇರಿಸಿ; 15ರಿಂದ 19ರ ಹುಡುಗರಲ್ಲಿ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 31.1 ರಕ್ತಹೀನತೆ ಇತ್ತು, ಅವರ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ.

ಶಾಲೆ ಬಿಟ್ಟು ತೋಟಕ್ಕೆ ಹೋಗುವ ಹುಡುಗಿಯರು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅವರಿಗೆ ಮಾತ್ರೆ ಸಿಗಬೇಕಾದದ್ದು ಅಂಗನವಾಡಿಯಿಂದ. ಆಶಾ ಕಾರ್ಯಕರ್ತೆಯ ಜೊತೆ ತೋಟದ ಕೂಲಿಯವರ ಲೈನ್ ಮನೆಗಳಿಗೆ ಸಂಜೆ ಹೊತ್ತು ಹೋಗಿ, ಹಗಲು ಯಾರೂ ಸಿಗುವುದಿಲ್ಲ.