ಹಳೇ ಕಿಂಡಲ್ ಸಾಕಾ, ಹೊಸದು ಬೇಕಾ?

ಪ್ರಶ್ನೆ: ನನ್ ಹತ್ರ 2015ರ ಕಿಂಡಲ್ ಪೇಪರ್‌ವೈಟ್ (ಅಮೆಜಾನಿನ ಇಬುಕ್ ಓದೋ ಡಿವೈಸ್) ಇದೆ. ಇನ್ನೂ ನಡೀತಿದೆ, ಆದ್ರೆ ಚಾರ್ಜ್ ಮೊದಲಿನ ಥರ ನಿಲ್ಲಲ್ಲ, ಸ್ವಲ್ಪ ಸ್ಲೋ ಬೇರೆ. ದಿನಾ ಬಸ್ಸಲ್ಲಿ ಮತ್ತೆ ಮಲಗೋ ಮುಂಚೆ ಓದ್ತೀನಿ. ಇನ್ಮುಂದೆ ಕನ್ನಡ ಪುಸ್ತಕ ಜಾಸ್ತಿ ಓದ್ಬೇಕು ಅಂತಿದೀನಿ. ಹೊಸ ಪೇಪರ್‌ವೈಟ್ ತಗೊಳ್ಳಲಾ?
– ಓದುಗರೊಬ್ಬರು, ಹಾಸನ

ಉತ್ತರ: ಕನ್ನಡಕ್ಕೋಸ್ಕರ ಅಂತಾದ್ರೆ ಬೇಡ. ಯಾಕೆ ಅಂತ ಹೇಳ್ತೀನಿ, ಮೊದ್ಲು ಡಿವೈಸ್ ವಿಷಯ ಮುಗಿಸ್ಬಿಡೋಣ.

ನಿಮ್ಮ ಮಾಡೆಲಲ್ಲೇ 300 ಪಿಪಿಐ (ಒಂದಿಂಚಲ್ಲಿ 300 ಚುಕ್ಕಿ) ಸ್ಕ್ರೀನ್ ಇದೆ, ಈಗಿನದ್ರಲ್ಲೂ ಅಷ್ಟೇ, ಹಂಗಾಗಿ ಅಕ್ಷರ ಇನ್ನೂ ಶಾರ್ಪ್ ಆಗಿ ಕಾಣುತ್ತೆ ಅನ್ಕೊಂಡು ದುಡ್ಡು ಹಾಕಿದ್ರೆ ನಿರಾಸೆ ಆಗುತ್ತೆ. 2018ರಲ್ಲಿ ವಾಟರ್‌ಪ್ರೂಫ್ ಬಂತು, 2021ರಲ್ಲಿ ಸ್ಕ್ರೀನ್ 6ರಿಂದ 6.8 ಇಂಚಾಯ್ತು, ಜೊತೆಗೆ ಟೈಪ್-ಸಿ ಚಾರ್ಜಿಂಗು ಮತ್ತೆ ವಾರ್ಮ್ ಲೈಟು, 2024ರದ್ದು 7 ಇಂಚು, ಸ್ಪೀಡೂ ಜಾಸ್ತಿ. ಇದ್ರಲ್ಲಿ ದಿನಾ ರಾತ್ರಿ ಓದೋರಿಗೆ ನಿಜವಾಗ್ಲೂ ಬೆಲೆ ಇರೋದು ವಾರ್ಮ್ ಲೈಟಿಗೆ. ಕತ್ತಲಲ್ಲಿ ಆ ನೀಲಿ ಬಿಳುಪಿನ ಬೆಳಕು ಕಣ್ಣಿಗೆ ಚುಚ್ಚುತ್ತೆ, ಹಳದಿಗೆ ತಿರುಗಿಸಿದ್ರೆ ಹಾಯಾಗಿರುತ್ತೆ.

ಚಾರ್ಜ್ ನಿಲ್ಲಲ್ಲ ಅಂದ್ರಲ್ಲ, ಬ್ಯಾಟರಿನೇ ಹೋಗಿದೆ ಅಂತ ಈಗ್ಲೇ ಅನ್ಕೋಬೇಡಿ. ಒಂದೊಂದ್ಸಲ ಯಾವ್ದೋ ಒಂದು ಪುಸ್ತಕದ ಇಂಡೆಕ್ಸಿಂಗ್ (ಹುಡುಕೋಕೆ ಅಂತ ಅದ್ರ ಪದಗಳ ಪಟ್ಟಿ ಮಾಡ್ಕೊಳ್ಳೋ ಕೆಲಸ) ಅರ್ಧಕ್ಕೆ ಸಿಕ್ಕಾಕೊಂಡು ಒಳಗೊಳಗೇ ಚಾರ್ಜ್ ತಿಂತಾ ಇರುತ್ತೆ. ಹೋಮ್ ಪೇಜಿನ ಸರ್ಚಲ್ಲಿ ಅರ್ಥ ಇಲ್ಲದ ಏನಾದ್ರೂ ನಾಲ್ಕಕ್ಷರ ಟೈಪ್ ಮಾಡಿ, ಇನ್ನೂ ಇಂಡೆಕ್ಸ್ ಆಗದೇ ಇರೋ ಪುಸ್ತಕ ಇದ್ರೆ ಅದ್ರ ಲಿಸ್ಟ್ ತೋರಿಸುತ್ತೆ, ಅದನ್ನ ಡಿಲೀಟ್ ಮಾಡಿ ಮತ್ತೆ ಇಳಿಸ್ಕೊಳ್ಳಿ. ಏರೋಪ್ಲೇನ್ ಮೋಡ್ ಆನ್ ಇರ್ಲಿ. ಆಗ್ಲೂ ಸರಿ ಹೋಗ್ಲಿಲ್ಲ ಅಂದ್ರೆ ಬ್ಯಾಟರಿ ಹಾಕಿಸ್ಬೋದು, ಆದ್ರೆ ಮುಂದಿನ ಫ್ರೇಮ್ ಅಂಟಿಸಿರ್ತಾರೆ, ಬಿಚ್ಚೋವಾಗ ಸ್ಕ್ರೀನ್ ಒಡೆಯೋ ಚಾನ್ಸ್ ಇದೆ, ಗೊತ್ತಿರೋರ ಕೈಲೇ ಮಾಡಿಸಿ.

ಈಗ ಕನ್ನಡ. 2016ರ ಕೊನೇಲಿ ಅಮೆಜಾನ್ ಭಾರತದ ಐದು ಭಾಷೆಗಳ ಪುಸ್ತಕಕ್ಕೆ ಕಿಂಡಲ್ ಸ್ಟೋರಿನ ಬಾಗಿಲು ತೆರೀತು – ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ನಮ್ ಹೆಸರು ಅದ್ರಲ್ಲಿ ಇರ್ಲಿಲ್ಲ, ಅದ್ರ ಬಿಸಿ ಇವತ್ತಿಗೂ ತಟ್ಟುತ್ತೆ. ಕನ್ನಡದ ಹೊಸ ಇಬುಕ್ ಬೇಕು ಅಂದ್ರೆ ಮೈಲ್ಯಾಂಗ್ ಆ್ಯಪು, ಗೂಗಲ್ ಪ್ಲೇ ಬುಕ್ಸು, ಇಂಥ ಕಡೆ ಹೋಗ್ಬೇಕು, ಮತ್ತೆ ಇವ್ಯಾವ ಆ್ಯಪೂ ಕಿಂಡಲ್ ಒಳಗೆ ಬರಲ್ಲ, ಅದು ಹತ್ತು ವರ್ಷ ಹಳೇದಾದ್ರೂ ಅಷ್ಟೇ ನಿನ್ನೆ ತಂದಿದ್ದಾದ್ರೂ ಅಷ್ಟೇ.

ಅದಕ್ಕೇ ನಾನಾದ್ರೆ ಆಂಡ್ರಾಯ್ಡ್ ಇರೋ ಇ-ಇಂಕ್ (ಕಿಂಡಲಲ್ಲಿರೋ ಥರ ಕಾಗದದ ಹಾಗೆ ಕಾಣೋ ಸ್ಕ್ರೀನ್) ರೀಡರ್ ತಗೋತೀನಿ, ಬೂಕ್ಸ್ (Boox) ಕಂಪನೀದು 6, 7 ಇಂಚಲ್ಲಿ ಸಿಗುತ್ತೆ. ಪ್ಲೇ ಸ್ಟೋರಿಂದ ಆ್ಯಪ್ ಹಾಕ್ಕೊಂಡು ಓದ್ಬೋದು. ತೊಂದ್ರೆ ಇಲ್ವಾ ಅಂದ್ರೆ ಇದೆ, ಬ್ಯಾಟರಿ ಕಿಂಡಲ್ ಥರ ವಾರಗಟ್ಲೆ ಬರಲ್ಲ, ಸ್ಕ್ರೋಲ್ ಮಾಡಿದ್ರೆ ಹಿಂದಿನ ಪುಟದ ನೆರಳು ಉಳ್ಕೊಳ್ಳುತ್ತೆ, ಆ್ಯಪಲ್ಲಿ ಅನಿಮೇಷನ್ ಆಫ್ ಮಾಡೋ ಆಪ್ಷನ್ ಇದ್ರೆ ಮೊದ್ಲು ಅದನ್ನ ಮಾಡಿ. ವಾರಂಟಿ ಇಲ್ಲಿ ನಡೆಯುತ್ತಾ ಅಂತ ಕೇಳ್ಕೊಂಡೇ ದುಡ್ಡು ಕೊಡಿ. ಹಳೇ ಪೇಪರ್‌ವೈಟ್ ಇಂಗ್ಲಿಷ್ ಕಾದಂಬರಿಗೆ ಇರ್ಲಿ.

ಕಾಪಿರೈಟ್ ಮುಗಿದಿರೋ ಹಳೇ ಪುಸ್ತಕ ಮಾತ್ರ ಸಾಕು ಅಂದ್ರೆ ಖರ್ಚೇ ಇಲ್ಲ, ಕನ್ನಡ ವಿಕಿಸೋರ್ಸ್ ಅನ್ನೋ ಉಚಿತ ಪುಸ್ತಕಗಳ ವೆಬ್‌ಸೈಟಲ್ಲಿ ಇಪಬ್ (ಇಬುಕ್ ಫೈಲ್) ಇಳಿಸ್ಕೊಂಡು ಸೆಂಡ್ ಟು ಕಿಂಡಲ್ ಅನ್ನೋ ಅಮೆಜಾನ್ ಸೇವೇಲಿ ನಿಮ್ಮ ಕಿಂಡಲಿಗೆ ಕಳ್ಸಿ. ಮೊದ್ಲು ಒಂದೇ ಒಂದು ಕಳ್ಸಿ ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದದ ಒತ್ತಕ್ಷರ ಸರಿಯಾಗಿ ಕೂತಿದ್ಯಾ ನೋಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ 6 ಇಂಚಲ್ಲಿ ಓದೋಕೆ ಹೋಗ್ಬೇಡಿ, 7 ಇಂಚಲ್ಲೂ ಕಷ್ಟನೇ.

ಪ್ರಶ್ನೆ: ಕಲರ್ ಇ-ರೀಡರ್ ಹೇಗಿರುತ್ತೆ? – ಮೈಸೂರು

ಉತ್ತರ: ಮಕ್ಕಳ ಕಾಮಿಕ್ಸಿಗೆ ಪರ್ವಾಗಿಲ್ಲ. ಕ್ಯಾಲಿಡೋ 3 ಅನ್ನೋ ಕಲರ್ ಇ-ಇಂಕ್ ಸ್ಕ್ರೀನಲ್ಲಿ ಕಪ್ಪುಬಿಳುಪು 300 ಪಿಪಿಐ ಇದ್ರೆ ಬಣ್ಣ 150 ಅಷ್ಟೇ, ಮೇಲೆ ಫಿಲ್ಟರ್ ಇರೋದ್ರಿಂದ ಪುಟನೂ ಸ್ವಲ್ಪ ಮಂಕು. ಬರೀ ಕಾದಂಬರಿ ಓದೋರು ಕಪ್ಪುಬಿಳುಪಲ್ಲೇ ಇರಿ.

ಪ್ರಶ್ನೆ: ಹಳೇ ಕಿಂಡಲ್ ತಂಗಿಗೆ ಕೊಟ್ರೆ ನಾನು ಕೊಂಡ ಪುಸ್ತಕ ಏನಾಗುತ್ತೆ? – ಶಿವಮೊಗ್ಗ

ಉತ್ತರ: ಡಿರಿಜಿಸ್ಟರ್ ಮಾಡಿದ್ರೆ, ಅಂದ್ರೆ ಕಿಂಡಲನ್ನ ನಿಮ್ಮ ಅಕೌಂಟಿಂದ ಬಿಡಿಸಿದ್ರೆ, ಪುಸ್ತಕ ಆ ಡಿವೈಸಿಂದ ಹೋಗುತ್ತೆ, ನಿಮ್ಮ ಅಕೌಂಟಲ್ಲಿ ಹಾಗೇ ಇರುತ್ತೆ. ಮೊದ್ಲಿನ ಥರ ವೆಬ್‌ಸೈಟಿಂದ ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಕೇಬಲಲ್ಲಿ ಹಾಕೋದನ್ನ ಅಮೆಜಾನ್ 2025ರ ಫೆಬ್ರವರೀಲೇ ನಿಲ್ಸಿದೆ. ತಂಗಿ ಮನೇಲೇ ಇದ್ರೆ ನಿಮ್ಮ ಅಕೌಂಟಲ್ಲೇ ಬಿಡಿ, ಪೇರೆಂಟಲ್ ಕಂಟ್ರೋಲಲ್ಲಿ ಸ್ಟೋರ್ ಒಂದು ಲಾಕ್ ಮಾಡಿ, ಇಲ್ಲಾಂದ್ರೆ ಬಿಲ್ ನಿಮಗೇ ಬರುತ್ತೆ.