ಸೇವ್ ಒತ್ತುವಷ್ಟರಲ್ಲಿ ಲಾಗಿನ್ ಹೋಗಿರುತ್ತದೆ!

ಪ್ರಶ್ನೆ: ನಮ್ಮ ಕನ್ನಡ ಸಂಘದ ಲೈಬ್ರರಿಯ ಪುಸ್ತಕ, ಸದಸ್ಯರ ವಿವರ ಎಲ್ಲಾ ಕೌಚ್‌ಡಿಬಿ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಸಂಜೆ ಬರುವ ನಾಲ್ಕೈದು ಜನ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಅಡ್ಮಿನ್ ಪಾಸ್‌ವರ್ಡಿನಲ್ಲಿ ಕೆಲಸ ಮಾಡುತ್ತೇವೆ. ಪುಸ್ತಕದ ವಿವರ ಟೈಪ್ ಮಾಡಿ ಸೇವ್ ಒತ್ತಿದರೆ 401 (ಲಾಗಿನ್ ಇಲ್ಲ ಎನ್ನುವ ದೋಷಸಂಖ್ಯೆ) ಅಂತ ಬರುತ್ತದೆ, ಬರೆದದ್ದೆಲ್ಲ ಹೋಗುತ್ತದೆ. ಟೈಮೌಟ್, ಅಂದರೆ ಲಾಗಿನ್ ಉಳಿಯುವ ಅವಧಿ, ಒಂದು ವರ್ಷಕ್ಕೆ ಇಟ್ಟುಬಿಡಲೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೇಡ, ದಯವಿಟ್ಟು ಬೇಡ.

ಲಾಗಿನ್ ಆದಾಗ ಕೌಚ್‌ಡಿಬಿ ಒಂದು ಕುಕಿ, ಅಂದರೆ ಬ್ರೌಸರ್ ಇಟ್ಟುಕೊಳ್ಳುವ ಗುರುತಿನ ಚೀಟಿ, ಕೊಡುತ್ತದೆ. ನೀವು ಬದಲಿಸದಿದ್ದರೆ ಅದರ ಆಯಸ್ಸು 600 ಸೆಕೆಂಡ್. ಲೆಕ್ಕ ಹಿಡಿಯುವುದು ಲಾಗಿನ್ ಆದ ಹೊತ್ತಿನಿಂದ ಅಲ್ಲ, ಸರ್ವರಿಗೆ ಕೊನೆಯ ಕೋರಿಕೆ ಹೋದ ಹೊತ್ತಿನಿಂದ. ಪುಟ ತೆರೆಯುತ್ತಾ, ಹುಡುಕುತ್ತಾ ಇದ್ದರೆ ಹೊಸ ಕುಕಿ ತಾನಾಗಿ ಬರುತ್ತಿರುತ್ತದೆ. ಸುಮ್ನೆ ಟೈಪ್ ಮಾಡುತ್ತಾ ಕೂತರೆ ಸರ್ವರಿಗೆ ಏನೂ ಹೋಗುವುದಿಲ್ಲ. ಹಳೇ ಪುಸ್ತಕದಲ್ಲಿ ಮುದ್ರಣದ ವರ್ಷ ಹುಡುಕಿ, ನಡುವೆ ಬಂದ ಸದಸ್ಯರನ್ನು ಮಾತಾಡಿಸಿ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ, ಅಲ್ವಾ?

ಹಾಗಾಗಿ ಸರಿಮಾಡಬೇಕಾದದ್ದು ನಿಮ್ಮ ಪುಟವನ್ನು. ಯಾರಾದರೂ ಟೈಪ್ ಮಾಡುತ್ತಿರುವಾಗ ಮೂರ್ನಾಲ್ಕು ನಿಮಿಷಕ್ಕೊಮ್ಮೆ ಅದು ಸೆಷನ್ ವಿಳಾಸಕ್ಕೆ (ಲಾಗಿನ್ ಇದೆಯೇ ಎಂದು ಹೇಳುವ _session ವಿಳಾಸ) ಒಂದು ಗೆಟ್ ಕೋರಿಕೆ, ಅಂದರೆ ಮಾಹಿತಿ ಕೇಳುವ ಕೋರಿಕೆ, ಕಳಿಸುವ ಹಾಗೆ ಮಾಡಿ. ಬರೆದದ್ದನ್ನು ಆಗಾಗ ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ, ಅಂದರೆ ಆ ಕಂಪ್ಯೂಟರಿನಲ್ಲೇ, ಇಡಿ. 401 ಬಂದರೆ ಫಾರ್ಮ್ ಅಳಿಸಬೇಡಿ. ಪಾಸ್‌ವರ್ಡ್ ಕೇಳಿ, ಅದನ್ನೇ ಮತ್ತೆ ಕಳಿಸಿ. ಟೈಮೌಟ್ ಬೇಕಿದ್ದರೆ 1800 ಸೆಕೆಂಡ್ ಮಾಡಿ, ಸಾಕು.

ವರ್ಷ ಯಾಕೆ ಬೇಡ? ಕೊಟ್ಟ ಕುಕಿಗಳ ಪಟ್ಟಿಯನ್ನು ಕೌಚ್‌ಡಿಬಿ ಇಟ್ಟುಕೊಳ್ಳುವುದಿಲ್ಲ. ಕುಕಿಯೊಳಗೆ ಹೆಸರು, ಹೊತ್ತು, ಅದು ಅಸಲಿ ಎಂದು ತೋರಿಸುವ ಒಂದು ಮುದ್ರೆ ಇರುತ್ತವೆ. ಲೋಕಲ್ ಟ್ರೇನಿನ ಟಿ.ಸಿ. ಪಾಸಿನ ತಾರೀಖು ನೋಡಿ ಬಿಡುವ ಹಾಗೆ, ಅಷ್ಟನ್ನೇ ನೋಡಿ ಒಳಗೆ ಬಿಡುತ್ತದೆ. ಲಾಗೌಟ್ ಮಾಡಿದರೆ ನಿಮ್ಮ ಬ್ರೌಸರಿನ ಕುಕಿ ಅಳಿಯುತ್ತದೆ, ಅಷ್ಟೇ. ಅದರ ನಕಲು ಬೇರೆಯವರ ಕೈಗೆ ಸಿಕ್ಕಿದ್ದರೆ ಅವಧಿ ಮುಗಿಯುವವರೆಗೂ ನಡೆಯುತ್ತದೆ. ಅದೂ ಅಡ್ಮಿನ್ ಕುಕಿ! ಸದಸ್ಯರ ಫೋನ್ ನಂಬರು, ಮನೆ ವಿಳಾಸ ಎಲ್ಲಾ ನಿಮ್ಮ ಡೇಟಾಬೇಸಿನಲ್ಲಿದೆ. ನಿಮ್ಮನ್ನು ನಂಬಿ ಕೊಟ್ಟದ್ದು ಅದು.

ಪಾಸ್‌ವರ್ಡ್ ಬದಲಿಸಿದರೆ ಹಳೇ ಕುಕಿಗಳು ನಡೆಯುವುದಿಲ್ಲ. ಮುದ್ರೆಗೆ ಬಳಸುವ ಸಾಲ್ಟ್ (ಆ ಖಾತೆಗೆಂದೇ ಇರುವ ಯಾದೃಚ್ಛಿಕ ಅಕ್ಷರಗಳು) ಆಗ ಬದಲಾಗುತ್ತದೆ. ಆದರೆ ಎಲ್ಲರದೂ ಒಂದೇ ಪಾಸ್‌ವರ್ಡ್ ಆದಾಗ ಒಬ್ಬರಿಗಾಗಿ ಎಲ್ಲರಿಗೂ ಹೊಸದು ಹಂಚಬೇಕು. ಕೌಚ್‌ಡಿಬಿ ಖಾತೆಗಳನ್ನು ಇಡುವ ಯೂಸರ್ಸ್ ಡೇಟಾಬೇಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿ. ಲೈಬ್ರರಿ ಡೇಟಾಬೇಸಿನ ಸೆಕ್ಯುರಿಟಿ ಸೆಟ್ಟಿಂಗಿನಲ್ಲಿ ಅವರನ್ನು ಮೆಂಬರ್ ಆಗಿ ಸೇರಿಸಿ. ಅಡ್ಮಿನ್ ಪಾಸ್‌ವರ್ಡ್ ಸೈಟ್ ನೋಡಿಕೊಳ್ಳುವವರ ಹತ್ತಿರ ಮಾತ್ರ ಇರಲಿ. ಈ ವಾರವೇ ಅದನ್ನು ಬದಲಿಸಿ. ಸೈಟಿಗೆ ಎಚ್‌ಟಿಟಿಪಿಎಸ್ (ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವ ವ್ಯವಸ್ಥೆ) ಇಲ್ಲದಿದ್ದರೆ ಮಾತ್ರ ಮೊದಲು ಅದನ್ನೇ ಹಾಕಿಸಿ, ಪಾಸ್‌ವರ್ಡ್ ಆಮೇಲೆ.