ಓದುಗರ ಪ್ರಶ್ನೆ: ಹವಳದ ದ್ವೀಪದಲ್ಲಿ ಹಿರಿಯ ದಂಪತಿಗಳ ನೀರಿನ ಕೆಲಸ

ಪೆಸಿಫಿಕ್ ಸಾಗರದ ಕಿರಿಬಾಸ್ ದ್ವೀಪಗಳಿಗೆ ಸೇವೆಗೆಂದು ಹೋಗುವ ನಿವೃತ್ತ ದಂಪತಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣದಲ್ಲಿ ಉತ್ತರಿಸಿದ್ದೇವೆ.

ಅಮೆರಿಕದಲ್ಲಿರುವ ಮಗನ ನೆರೆಮನೆಯವರು, ಗಂಡನಿಗೆ 68, ಹೆಂಡತಿಗೆ 65, ಮಿಷನರಿಗಳಾಗಿ ‘ಕಿರಿಬಾಟಿ’ ಎಂಬ ದೇಶಕ್ಕೆ ಹೊರಟಿದ್ದಾರೆ. ಈ ವಯಸ್ಸಿನಲ್ಲಿ ಅಲ್ಲಿ ಏನು ಕೆಲಸ? ಸಂಬಳ ಉಂಟೆ?
— ನಿವೃತ್ತ ಉಪಾಧ್ಯಾಯಿನಿ, ತುಮಕೂರು

ಮೊದಲು ಹೆಸರು. ಅಲ್ಲಿನ ಭಾಷೆಯಲ್ಲಿ ‘ಟಿ’ ಎಂದು ಬರೆದದ್ದನ್ನು ‘ಸ್’ ಎಂದು ಓದುತ್ತಾರೆ. ಹಾಗಾಗಿ ದೇಶದ ಹೆಸರು ಕಿರಿಬಾಸ್. 33 ದ್ವೀಪಗಳು, ಸುಮಾರು 1.2 ಲಕ್ಷ ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ದಕ್ಷಿಣ ತರಾವಾ ಎಂಬ ಸಪೂರ ಪಟ್ಟಿಯ ಮೇಲೆ ಒತ್ತೊತ್ತಾಗಿ ಬದುಕುತ್ತಾರೆ. ನೆಲ ಸಮುದ್ರಕ್ಕಿಂತ ಎರಡು-ಮೂರು ಮೀಟರು ಎತ್ತರ, ಅಷ್ಟೆ.

ಇಂಥ ದಂಪತಿಗಳನ್ನು ಹೆಚ್ಚಾಗಿ ಕಳಿಸುವುದು ಲ್ಯಾಟರ್-ಡೇ ಸೇಂಟ್ಸ್ ಚರ್ಚು, ಅಂದರೆ ಜನ ಮಾರ್ಮನ್ ಎಂದು ಕರೆಯುವ ಪಂಥ. ಸಂಬಳವಿಲ್ಲ. ಊಟ, ಬಾಡಿಗೆ ಎಲ್ಲ ತಮ್ಮ ಉಳಿತಾಯದಿಂದಲೇ. 6ರಿಂದ 23 ತಿಂಗಳವರೆಗಿನ ಅವಧಿಗಳಿವೆ, ಇಷ್ಟು ದೂರಕ್ಕೆ ಸಾಮಾನ್ಯವಾಗಿ 18 ತಿಂಗಳು. ವಯಸ್ಸಿಗೆ ಮೇಲ್ಮಿತಿ ಇಲ್ಲ, ಆದರೆ ವೈದ್ಯಕೀಯ ತಪಾಸಣೆ ಕಟ್ಟುನಿಟ್ಟು. ಬಿಳಿ ಅಂಗಿ ತೊಟ್ಟು ಇಬ್ಬಿಬ್ಬರಾಗಿ ಮನೆಮನೆಗೆ ಹೋಗುವ ಹುಡುಗರ ದಿನಚರಿ ಇವರಿಗಿಲ್ಲ. ಮಾನವೀಯ ಸೇವೆಗೆ ನೇಮಕವಾದ ದಂಪತಿಯ ದಿನ ಶಾಲೆಯ ಚಾವಣಿ ಅಳೆಯುವುದು, ಆಸ್ಪತ್ರೆಯವರ ಜತೆ ಪಟ್ಟಿ ಮಾಡುವುದು, ಬಂದರಿನಲ್ಲಿ ಸರಕು ಬಿಡಿಸಿಕೊಳ್ಳುವುದು, ಲೆಕ್ಕ ಬರೆಯುವುದು, ಇಷ್ಟರಲ್ಲೇ ಕಳೆಯುತ್ತದೆ. ನಲವತ್ತು ವರ್ಷ ಕಚೇರಿ, ಸಂಸಾರ ಎರಡನ್ನೂ ತೂಗಿಸಿದವರಿಗೆ ಒಗ್ಗುವ ಕೆಲಸವೇ ಇದು.

ತೆಂಗು ಬೆಳೆಯುತ್ತದೆ, ಮಳೆಯೂ ಬರುತ್ತದೆ ಎಂದ ಮೇಲೆ ನೆಲದಡಿ ನೀರಿರಲೇಬೇಕು. ಬಾವಿ ತೋಡಿಸಿಕೊಟ್ಟರೆ ಸಾಲದೆ?
— ಕೃಷಿಕ, ಕುಂದಾಪುರ

ನೀರಿದೆ. ಆದರೆ ಅದು ಮಜ್ಜಿಗೆಯ ಮೇಲಿನ ಬೆಣ್ಣೆಯ ಹಾಗೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳು ಪದರ. ಸಿಹಿನೀರು ಹಗುರ, ಸಮುದ್ರದ ನೀರು ಸ್ವಲ್ಪ ಭಾರ. ಈ ವ್ಯತ್ಯಾಸದಿಂದ ಹುಟ್ಟುವ ಲೆಕ್ಕ 1ಕ್ಕೆ 40: ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ 20 ಸೆಂ.ಮೀ. ಮೇಲಿದ್ದರೆ ಕೆಳಗೆ ಸುಮಾರು 8 ಮೀಟರು ಸಿಹಿ. ಹವಳದ ರಂಧ್ರಗಳಲ್ಲಿ ಕಡಲಿನ ಉಬ್ಬರವಿಳಿತಕ್ಕೆ ಎರಡೂ ಬೆರೆಯುವುದರಿಂದ ನಿಜಕ್ಕೆ ಸಿಗುವುದು ಅದಕ್ಕಿಂತ ಕಡಿಮೆ. ಪಂಪು ಹಚ್ಚಿ ಮಟ್ಟವನ್ನು 10 ಸೆಂ.ಮೀ. ಇಳಿಸಿದಿರೋ, ಅಡಿಯಿಂದ ಉಪ್ಪುನೀರು ಅದರ ನಲವತ್ತು ಪಟ್ಟು ಮೇಲೇರಲು ಹೊರಡುತ್ತದೆ. ನಿಮ್ಮ ಕಡೆ ಕಡಲಂಚಿನ ಬಾವಿ ಬೇಸಿಗೆಯಲ್ಲಿ ಸಪ್ಪೆ-ಉಪ್ಪಾಗುವುದೂ ಇದೇ ಕಾರಣಕ್ಕೆ. ನಿಮಗಾದರೆ ಹಿಂದೆ ಘಟ್ಟವಿದೆ, ಅವರಿಗೆ ಹಿಂದೆಯೂ ಸಮುದ್ರವೇ.

ಇದರ ಮೇಲೆ ಕೊಳೆಯ ಕಾಟ. ನೀರು ಎರಡು-ಮೂರು ಮೀಟರಿನಲ್ಲೇ ಸಿಗುವುದರಿಂದ ಪಾಯಿಖಾನೆಯ ಗುಂಡಿ, ಹಂದಿಗೂಡಿನ ರೊಚ್ಚು ನೇರ ಬಾವಿಗಿಳಿಯುತ್ತದೆ. ತರಾವಾದ ಸರಕಾರಿ ನೀರು ಹೆಚ್ಚಾಗಿ ಬರುವುದು ಬೊನ್ರಿಕಿಯ ಕಾಯ್ದಿಟ್ಟ ಜಾಗದಿಂದ. ಅಲ್ಲಿ ಆಳಕ್ಕೆ ಕೊರೆಯದೆ, ತೂತಿನ ಕೊಳವೆಗಳನ್ನು ಅಡ್ಡಡ್ಡಲಾಗಿ ಹೂತು ಮೇಲಿನ ಪದರವನ್ನಷ್ಟೇ ಕೆನೆ ತೆಗೆದಂತೆ ಎತ್ತುತ್ತಾರೆ. ಅಷ್ಟು ಜನರಿಗೆ ಅದು ಸಾಲದು. ಆದ್ದರಿಂದ ಶಾಲೆಗೆ, ಚಿಕಿತ್ಸಾಲಯಕ್ಕೆ ಚಾವಣಿಯ ಮಳೆನೀರೇ ಗತಿ. ಕೊಳವೆಬಾವಿ ಕೊರೆಸುತ್ತೇವೆ ಎಂದು ಬರುವ ದಾನಿಗಳನ್ನು ಮೊದಲ ದಿನವೇ ತಡೆಯಬೇಕು.

ಸಿಮೆಂಟು, ಪೈಪು ನಮಗೆ ಗೊತ್ತಿರುವ ವಿಷಯ. ಅಲ್ಲಿನ ಶಾಲೆಯ ಮಳೆಕೊಯ್ಲನ್ನು ಲೆಕ್ಕದ ಸಮೇತ ವಿವರಿಸಿ. ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಿ.
— ನಿವೃತ್ತ ಕಿರಿಯ ಎಂಜಿನಿಯರ್, ಹಾಸನ

120 ಮಕ್ಕಳ ಶಾಲೆ ಎಂದಿಟ್ಟುಕೊಳ್ಳಿ. ಕುಡಿಯಲು ತಲೆಗೆ 2 ಲೀಟರಿನಂತೆ ದಿನಕ್ಕೆ 240 ಲೀಟರು. ಚಾವಣಿ 18 ಮೀ. x 8 ಮೀ., ಅಂದರೆ 144 ಚದರ ಮೀಟರು. ಚದರ ಮೀಟರಿಗೆ 1 ಮಿ.ಮೀ. ಮಳೆ ಎಂದರೆ 1 ಲೀಟರು. ತಗಡಿನ ಮೇಲೆ ಐದರಲ್ಲೊಂದು ಪಾಲು ಸಿಡಿದು, ಆರಿ ಹೋಗುತ್ತದೆ ಎಂದು ಹಿಡಿದರೂ 25 ಮಿ.ಮೀ. ಮಳೆಗೆ 2,880 ಲೀಟರು ಕೈಗೆ ಬರುತ್ತದೆ. ಒಂದು ಒಳ್ಳೆಯ ಮಳೆ, ಹನ್ನೆರಡು ದಿನದ ನೀರು.

ಆದರೆ ಟ್ಯಾಂಕನ್ನು ಅಳೆಯಬೇಕಾದ್ದು ಮಳೆಗಲ್ಲ, ಬರಕ್ಕೆ. ತರಾವಾದಲ್ಲಿ ಎಲ್ ನಿನೊ (ನಡು ಪೆಸಿಫಿಕ್‌ನ ನೀರು ಎಂದಿಗಿಂತ ಬಿಸಿಯಾಗುವುದು) ಬಂದರೆ ಮಳೆ ಹೆಚ್ಚು, ಲಾ ನಿನಾ (ಅದೇ ನೀರು ತಂಪಾಗುವುದು) ಬಂದರೆ ತಿಂಗಳುಗಟ್ಟಲೆ ಒಣಹವೆ. ನಮ್ಮ ಮುಂಗಾರಿನ ನಂಟಿಗೆ ಸಾಮಾನ್ಯವಾಗಿ ಇದು ತಿರುಗಾಮುರುಗಾ. ಮೂರು ತಿಂಗಳು ಮಳೆ ಇಲ್ಲವೆಂದು ಹಿಡಿದು, ಶನಿವಾರ-ಭಾನುವಾರ ಕಳೆದರೆ 65 ದಿನಕ್ಕೆ 15,600 ಲೀಟರು ಬೇಕು. 10,000 ಲೀಟರಿನ ಎರಡು ಟ್ಯಾಂಕು ಎಂದು ಬರೆದುಬಿಡುವುದೇ ಎಲ್ಲರೂ ಮಾಡುವ ತಪ್ಪು. ಅದು ಸುಮಾರು ಎರಡೂವರೆ ಮೀಟರು ಅಗಲ. ಹಡಗಿನ ಕಂಟೇನರಿನ ಬಾಗಿಲು 2.34 ಮೀಟರು! ಒಳಗೆ ಹಿಡಿಯುವುದೇ ಇಲ್ಲ. 5,000 ಲೀಟರಿನ ನಾಲ್ಕು ತರಿಸಿ. ಒಂದು ಸೋರಿದರೂ ಮೂರು ಉಳಿಯುತ್ತವೆ.

5,000 ಲೀಟರು ಎಂದರೆ 5 ಟನ್. ಕೆಳಗೆ ಕನಿಷ್ಠ 10 ಸೆಂ.ಮೀ. ದಪ್ಪದ ಕಾಂಕ್ರೀಟು ಹಾಸು ಬೇಕು, ಟ್ಯಾಂಕಿಗಿಂತ ಸುತ್ತಲೂ 30 ಸೆಂ.ಮೀ. ಅಗಲವಾಗಿ. ಹತ್ತಿರದಲ್ಲೇ ಇದೆಯೆಂದು ಕಡಲ ಮರಳನ್ನು ಹಾಗೇ ಕಲಸಿದರೆ ಅದರ ಉಪ್ಪು ಕಬ್ಬಿಣದ ಜಾಲರಿಯನ್ನು ತಿಂದು ಹಾಸು ಬಿರಿಯುತ್ತದೆ. ದಂಡೆಯ ಮರಳು ತೆಗೆದಷ್ಟೂ ದಂಡೆಯೂ ಕೊರೆದುಹೋಗುತ್ತದೆ. ಹಾಸನ್ನು ನೆಲದಿಂದ ಎತ್ತರಿಸಿ, ನಲ್ಲಿಯ ಬಾಯಿ 45–50 ಸೆಂ.ಮೀ. ಮೇಲಿರಲಿ. ಬಕೆಟ್ ಕೆಳಗೆ ನೇರ ನಿಲ್ಲದಿದ್ದರೆ ಮಕ್ಕಳು ನಲ್ಲಿಯನ್ನು ಎಳೆದೆಳೆದು ಬುಡ ಸಡಿಲಿಸುತ್ತಾರೆ.

ದೋಣಿ, ಎಂದರೆ ಸೂರಿನಂಚಿನ ನೀರ್ಗಾಲುವೆ, ಮೊದಲು ಸೋಲುವ ಭಾಗ. 10 ಮೀಟರಿಗೆ 5ರಿಂದ 10 ಸೆಂ.ಮೀ. ಇಳಿಜಾರು, 60 ಸೆಂ.ಮೀ.ಗೊಂದು ಹಿಡಿಕೆ. ಹಿಡಿಕೆಗಳನ್ನು ಉಳಿಸಲು ಹೋಗಿ ಮೀಟರಿಗೊಂದು ಹಾಕಿದರೆ ನಡುವೆ ಜೋತು, ನೀರು ನಿಂತು, ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ ಅಲ್ಲಿಯೂ ಇದೆ. ತಿರುಪು ಮೊಳೆಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಸಾಮಾನ್ಯ ಮೊಳೆ ಉಪ್ಪುಗಾಳಿಗೆ ಬೇಗ ಕರಗುತ್ತದೆ.

ಇನ್ನು ಮೊದಲ ಮಳೆಯ ಕೊಳೆ. ಹಕ್ಕಿ ಹಿಕ್ಕೆ, ಇಲಿ ಹಿಕ್ಕೆ, ದೀವಿಹಲಸಿನ ಎಲೆ ಎಲ್ಲ ಸೇರಿದ ಆ ನೀರನ್ನು ಹೊರಗೇ ಬಿಡಬೇಕು. ಚಾವಣಿಯ ಮೇಲಿನ ಅರ್ಧ ಮಿ.ಮೀ. ಎಂದರೆ ಇಲ್ಲಿ 72 ಲೀಟರು. 10 ಸೆಂ.ಮೀ. ಪೈಪು ಮೀಟರಿಗೆ 8 ಲೀಟರೂ ಹಿಡಿಯದು, 15 ಸೆಂ.ಮೀ.ನದು 17 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಆದ್ದರಿಂದ 15 ಸೆಂ.ಮೀ. ಪೈಪಿನ ಎರಡು ತುಂಡು, ತಲಾ ಎರಡು ಮೀಟರು, ಎರಡು ಇಳಿಗೊಳವೆಗೆ ಒಂದೊಂದು. ಮೊದಲ ನೀರು ಇದರಲ್ಲಿ ತುಂಬಿಕೊಂಡ ಮೇಲೆಯೇ ಮುಂದಿನದು ಟ್ಯಾಂಕಿಗೆ ಹೋಗುತ್ತದೆ. ತುದಿಯ ಮುಚ್ಚಳದಲ್ಲಿ 2–3 ಮಿ.ಮೀ. ತೂತು. ಮಳೆ ನಿಂತ ಮೇಲೆ ಅದರಿಂದ ಹನಿಹನಿಯಾಗಿ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಕೆಡುವುದು ಈ ಸಾಸಿವೆಯಷ್ಟು ತೂತು. ಒಂದು ಎಲೆಚೂರು ಕೂತರೆ ಪೈಪು ಸದಾ ತುಂಬಿಯೇ ಇದ್ದು, ಕೊಳೆಯೆಲ್ಲ ನೇರ ಟ್ಯಾಂಕಿಗೆ. ತಿರುಗಿಸಿ ಬಿಚ್ಚುವ ಮುಚ್ಚಳ ಹಾಕಿಸಿ, ಅಂಟು ಹಚ್ಚಬೇಡಿ.

ಆ ನೀರನ್ನು ಹಾಗೇ ಕುಡಿಯಬಹುದೆ?
— ಗೃಹಿಣಿ, ಶಿರಸಿ

ಕುದಿಸಿ ಕುಡಿಯುವುದು ಲೇಸು. ಹೊಸ ಟ್ಯಾಂಕಿಗೆ, ಅಥವಾ ಇಲಿ-ಹಕ್ಕಿ ಬಿದ್ದು ತೊಳೆದ ಟ್ಯಾಂಕಿಗೆ ಕ್ಲೋರಿನ್ ಬೇಕು. 5,000 ಲೀಟರಿಗೆ, 5 ಶೇಕಡಾದ, ಸುಗಂಧ ಬೆರೆಸದ ಬ್ಲೀಚು ಅರ್ಧ ಲೀಟರು. ಒಂದು ಬಕೆಟ್ ನೀರಿನಲ್ಲಿ ಬೆರೆಸಿ ಸುರಿದು, ರಾತ್ರಿ ಬಿಟ್ಟು, ಬೆಳಿಗ್ಗೆ ಎಲ್ಲ ನಲ್ಲಿಗಳಿಂದಲೂ ಸ್ವಲ್ಪ ಹರಿಸಿ. ವಾಸನೆ ಕಡುವಾಗಿದ್ದರೆ ಅದು ತಗ್ಗುವವರೆಗೆ ಕುಡಿಯಲು ಬೇಡ. ಬ್ಲೀಚು ಆ ಸೆಕೆಯಲ್ಲಿ ತಿಂಗಳುಗಳಲ್ಲೇ ಸತ್ವ ಕಳೆದುಕೊಳ್ಳುವುದರಿಂದ ದೊಡ್ಡ ಡಬ್ಬಿ ತಂದಿಟ್ಟುಕೊಳ್ಳುವುದು ದಂಡ.

ನೀರು ಕೊಟ್ಟು ಮತ ಕೇಳುವುದಿಲ್ಲ ಎಂದು ಹೇಗೆ ನಂಬುವುದು?
— ಓದುಗ, ಬೆಂಗಳೂರು

ನ್ಯಾಯವಾದ ಪ್ರಶ್ನೆ. ಈ ಚರ್ಚಿನ ಮಾನವೀಯ ಸೇವೆಯ ನಿಯಮದ ಪ್ರಕಾರ ನೆರವು ಯಾವ ಮತದವರಿಗೂ ಸಲ್ಲಬೇಕು. ಕಿರಿಬಾಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕ್ಯಾಥೊಲಿಕರು. ಆದ್ದರಿಂದ ಆ ನಿಯಮ ಅಲ್ಲಿ ದಿನವೂ ಪರೀಕ್ಷೆಗೊಳಗಾಗುತ್ತದೆ. ನಿಯಮ ಓದುವುದಕ್ಕಿಂತ ಮೂರು ಸಂಗತಿ ನೋಡಿ: ಟ್ಯಾಂಕು ಯಾರ ಜಾಗದಲ್ಲಿದೆ, ನಲ್ಲಿಯ ಬೀಗದ ಕೈ ಯಾರ ಬಳಿ ಇದೆ, ನೀರು ಹಿಡಿಯಲು ಬರುವ ಸಾಲಿನಲ್ಲಿ ಯಾರು ನಿಂತಿದ್ದಾರೆ. ಸರಕಾರಿ ಶಾಲೆಯ ಅಂಗಳ, ಊರವರ ಕೈಲಿ ಬೀಗ ಎಂದಾದರೆ ಸಂಶಯ ಬೇಡ. ಚರ್ಚಿನ ಕಾಂಪೌಂಡಿನೊಳಗೆ ಇಟ್ಟು ‘ಎಲ್ಲರೂ ಬರಬಹುದು’ ಎನ್ನುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ.

ಗಾಲಿಕುರ್ಚಿ ಹಂಚುವ ಕೆಲಸವೂ ಇದೆಯಂತೆ. ಅದರಲ್ಲಿ ಏನು ಗಮನಿಸಬೇಕು?
— ಫಿಸಿಯೊಥೆರಪಿಸ್ಟ್, ದಾವಣಗೆರೆ

ಅಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಬಹಳ. ಕುರ್ಚಿ ಹಂಚಬಾರದು, ತೊಡಿಸಬೇಕು. ಸೊಂಟದ ಅಗಲ ಅಳೆಯಿರಿ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ 3ರಿಂದ 6 ಸೆಂ.ಮೀ. ಬಿಡಿ. ಪಾದದ ಹಲಗೆಯನ್ನು ತೊಡೆ ಪೂರ್ತಿ ದಿಂಬಿನ ಮೇಲೆ ಕೂರುವ ಹಾಗೆ ಹೊಂದಿಸಿ. ದಿಂಬಿಲ್ಲದೆ ಕೊಟ್ಟರೆ ಒತ್ತುಹುಣ್ಣು ಖಂಡಿತ. ಮರಳಿನಲ್ಲಿ ಮುಂದಿನ ಪುಟ್ಟ ಗಾಲಿ ಹೂತು ಕೂತವರನ್ನು ಮುಗ್ಗರಿಸಿ ಕೆಡವುತ್ತದೆ. ಅಲ್ಲಿಗೆ ಬೇಕಾದ್ದು ಮುಂದೆ ಅಗಲವಾದ, ದೊಡ್ಡ ಗಾಲಿಯ ಕುರ್ಚಿ. ಆಸ್ಪತ್ರೆಯ ವರಾಂಡದ ಮಾದರಿ ನಡೆಯದು.

ನಾವು ಈ ಚರ್ಚಿನ ಸದಸ್ಯರು, ಇಬ್ಬರೂ ಅರವತ್ತು ದಾಟಿದವರು, ತರಾವಾಕ್ಕೆ ಹೋಗುವ ಯೋಚನೆಯಿದೆ. ಊಟ, ಆರೋಗ್ಯದ ಬಗ್ಗೆ ತಿಳಿಸಿ.
— ಬೆಂಗಳೂರು ಮೂಲದ ದಂಪತಿ, ಆಕ್ಲೆಂಡ್

ಅನ್ನ, ಮೀನು, ತೆಂಗು ಧಾರಾಳ. ತರಕಾರಿಗೆ ಬರ, ಹವಳದ ಮಣ್ಣಿನಲ್ಲಿ ಸೊಪ್ಪು ಏಳುವುದು ಕಷ್ಟ. ಮಂಗಳೂರಿನವರ ಜೀಗುಜ್ಜೆ, ಕೆಸುವಿನ ಕುಲದ ‘ಬಬಾಯಿ’ ಗೆಡ್ಡೆ, ಕೇದಗೆಯ ಹಣ್ಣು ಅಲ್ಲಿನ ಹಳೆಯ ಆಹಾರ. ತೆಂಗಿನ ನೀರಾ ಕುದಿಸಿ ಮಾಡುವ ‘ಕಮೈಮೈ’ ನಿಮಗೆ ಜೋನಿಬೆಲ್ಲವನ್ನೇ ನೆನಪಿಸುತ್ತದೆ. ಬೇಳೆ, ಸಾರಿನ ಪುಡಿ ಒಯ್ಯುವುದಾದರೆ ವಿಮಾನ ನಿಲ್ದಾಣದ ಚೀಟಿಯಲ್ಲಿ ಬರೆದು ತೋರಿಸಿ.

ಬಂಡೆಯಂಚಿನ ದೊಡ್ಡ ಮೀನುಗಳಲ್ಲಿ ಸಿಗುವಾಟೆರಾ ಎಂಬ ವಿಷವಿರಬಹುದು. ಬೇಯಿಸಿದರೂ, ಹೆಪ್ಪುಗಟ್ಟಿಸಿದರೂ ಹೋಗದು, ರುಚಿಯಲ್ಲೂ ತಿಳಿಯದು. ಯಾವ ಮೀನು, ಯಾವ ಕಡೆಯದು ಎಂದು ಊರಿನ ಬೆಸ್ತರನ್ನು ಕೇಳಿಯೇ ತಿನ್ನಿ. ತಿಂದ ಮೇಲೆ ತುಟಿ ಜುಮುಗುಟ್ಟಿ, ತಣ್ಣೀರು ಮುಟ್ಟಿದರೆ ಸುಟ್ಟಂತಾದರೆ ಕೂಡಲೆ ವೈದ್ಯರಲ್ಲಿಗೆ. ಹವಳ ಗೀರಿದ ಗಾಯವನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಒಳಗಿನ ಚೂರು ತೆಗೆಯದಿದ್ದರೆ ಕೀವಾಗುತ್ತದೆ. ಮಧುಮೇಹಿಗಳು ಬರಿಗಾಲಲ್ಲಿ ನೀರಿಗಿಳಿಯಲೇಬಾರದು. ನಿತ್ಯದ ಮಾತ್ರೆ ಹೊರಡುವಾಗಲೇ ಆರು ತಿಂಗಳಿಗಾಗುವಷ್ಟು, ಎರಡು ಚೀಲದಲ್ಲಿ ಹಂಚಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಆ ಸೆಕೆಗೆ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ.

18 ತಿಂಗಳು ಮುಗಿದು ದಂಪತಿ ಹೊರಟ ಮೇಲೆ ಆ ಟ್ಯಾಂಕುಗಳ ಗತಿ ಏನು?
— ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಸಾಗರ

ಕೆಲಸ ಶುರು ಮಾಡುವ ದಿನವೇ ಕೇಳಬೇಕಾದ ಪ್ರಶ್ನೆ ಇದು. ಕಿರಿಬಾಸ್‌ನಲ್ಲಿ ‘ಬುಬುಟಿ’ ಎಂದು ಬರೆದು ‘ಬುಬುಸಿ’ ಎಂದು ಹೇಳುವ ಪದ್ಧತಿಯಿದೆ. ಬಂಧುಗಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ನಾಚಿಕೆಗೇಡು. ಮುಖ್ಯೋಪಾಧ್ಯಾಯರ ಹೆಸರಿನಲ್ಲಿ ಬಿಟ್ಟುಬಂದ ಸ್ಪ್ಯಾನರು, ಡ್ರಿಲ್ಲು ವಾರದೊಳಗೆ ಬೇರೆ ಮನೆ ಸೇರುತ್ತದೆ. ಅದನ್ನು ಕಳವು ಎನ್ನಲಾಗದು. ಬರಗಾಲದ ದ್ವೀಪದಲ್ಲಿ ಒಬ್ಬರನ್ನೊಬ್ಬರು ಉಳಿಸಿದ ಪದ್ಧತಿ ಅದು. ಆದ್ದರಿಂದ ಉಪಕರಣ ಒಬ್ಬರ ಹೆಸರಿಗೆ ಬೇಡ, ‘ಮನೆಯಾಬಾ’ದ ಹೆಸರಿಗಿರಲಿ. ಊರಿನ ದೊಡ್ಡ ಸಭಾಮಂದಿರ ಅದು. ಎಲ್ಲರದೂ ಆದದ್ದನ್ನು ಒಬ್ಬರ ಬಳಿ ಕೇಳಲಾಗದು.

ಮನೆಯಾಬಾದಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಕಾಲು ಚಾಚಬಾರದು. ಮಂಡಿನೋವಿದ್ದರೆ ಮೊದಲೇ ಹೇಳಿ, ಕಾಲ ಮೇಲೆ ಬಟ್ಟೆ ಹೊದ್ದುಕೊಳ್ಳಿ. ಊರ ಹಿರಿಯರಾದ ‘ಉನಿಮ್ವಾನೆ’ಗಳು ಒಪ್ಪಿದ ಮೇಲೆಯೇ ಜಾಗ, ಆಳು, ಕಾವಲು ಎಲ್ಲ ನಿಲ್ಲುತ್ತದೆ. ನೆಲ ಅಗೆಯುವುದು, ಕಲ್ಲು ಹೊರುವುದು ಊರವರದೇ ಪಾಲಾಗಲಿ. ತಾವೇ ಹಾಸು ಹಾಕಿದ ಟ್ಯಾಂಕನ್ನು ಜನ ಬೇರೆ ಕಣ್ಣಿನಿಂದ ನೋಡುತ್ತಾರೆ.

ಶಾಲೆಯ ಇಬ್ಬರಿಗೆ, ಅವರಲ್ಲೊಬ್ಬರು ಹೆಂಗಸಾಗಿರಲಿ, ಬಿಚ್ಚಿ ಜೋಡಿಸುವುದನ್ನು ಕಲಿಸಿ. ನೀವು ಕೈಕಟ್ಟಿ ನಿಂತು, ಅವರ ಕೈಯಿಂದಲೇ ಮೂರು ಸಲ ಮಾಡಿಸಿ. ಕೊನೆಗೆ ಒಂದು ಮುಚ್ಚಳದ ಡಬ್ಬಿಯಲ್ಲಿ ನಲ್ಲಿ 4, ವಾಷರು 20, ದೋಣಿಯ ಹಿಡಿಕೆ 10, 316 ತಿರುಪು 100, ಟೆಫ್ಲಾನ್ ಟೇಪು 6 ಸುರುಳಿ, ಸೊಳ್ಳೆಜಾಲರಿ 2 ಮೀಟರು, ತೂತು ಕೊರೆದ ಮುಚ್ಚಳ 2 ಇಟ್ಟು ಮನೆಯಾಬಾದ ಸಭೆಯಲ್ಲೇ ಒಪ್ಪಿಸಿ. ಡಬ್ಬಿಯ ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ, ಕಿರಿಬಾಸ್ ಭಾಷೆಯಲ್ಲಿ.